ತೆಳು ಕಾರ್ನಿಯಾಕ್ಕೆ ಲೇಸರ್: ಒಬ್ಬರು ಬೇಡ ಎಂದರು, ಇನ್ನೊಬ್ಬರು ಆಗಬಹುದು ಎಂದರು

ಪ್ರಶ್ನೆ: ನನಗೆ 26 ವರ್ಷ. ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಏಳನೆಯ ತರಗತಿಯಿಂದ ಕನ್ನಡಕವಿದೆ. ಈಗ ಬಲಗಣ್ಣಿಗೆ ಮೈನಸ್ 6.50, ಜೊತೆಗೆ ಮೈನಸ್ 1 ಸಿಲಿಂಡರ್. ಎಡಗಣ್ಣಿಗೆ ಮೈನಸ್ 5.75. ಎರಡು ವರ್ಷದಿಂದ ನಂಬರ್ ಬದಲಾಗಿಲ್ಲ. ಮಳೆಗಾಲದಲ್ಲಿ ಸ್ಕೂಟರ್ ಓಡಿಸುವಾಗ ಗಾಜಿನ ಮೇಲೆ ಹನಿ, ಒಳಗೆ ಹಬೆ, ಸಾಕಾಗಿದೆ. ಶಿವಮೊಗ್ಗದ ಒಂದು ಕಣ್ಣಾಸ್ಪತ್ರೆಯವರು ಎರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಬಿಡಿಸಿ ಪರೀಕ್ಷಿಸಿ, ‘ಕಾರ್ನಿಯಾ 498 ಮೈಕ್ರಾನ್, ತೆಳುವಾಗಿದೆ, ಲಾಸಿಕ್ ಬೇಡ’ ಎಂದರು. ಆಮೇಲೆ ಬೆಂಗಳೂರಿನ ಒಂದು ಕಡೆ ತೋರಿಸಿದಾಗ 511 ಎಂದು ಬಂತು. ಪದರ ಎತ್ತದೆ ಮಾಡುವ ಸ್ಮೈಲ್ ವಿಧಾನದಲ್ಲಿ ಮುಂದಿನ ವಾರವೇ ಮಾಡಬಹುದು ಎಂದರು. ಅಲ್ಲಿಗೆ ರಾತ್ರಿ ಬಸ್ಸಿನಲ್ಲಿ ಲೆನ್ಸ್ ಹಾಕಿಕೊಂಡೇ ಹೋಗಿದ್ದೆ, ಬೆಳಿಗ್ಗೆ ತೆಗೆದು ಪರೀಕ್ಷೆಗೆ ಕುಳಿತೆ. ಅಡಿಕೆ ಸುಲಿಯುವ ಕಾಲದಲ್ಲಿ ನನಗೆ ಕಣ್ಣು ತುರಿಸುವುದುಂಟು. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿರುವುದರಿಂದ ಬೇಗ ಮುಗಿಸಿಕೋ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ? ಅಮ್ಮನಿಗೆ 52 ವರ್ಷ, ಓದಲು ಮಾತ್ರ ಕನ್ನಡಕ ಬೇಕು. ಅವರಿಗೂ ಲೇಸರ್ ಆಗುತ್ತದೆಯೇ?

ಉತ್ತರ: ಎರಡೂ ಕಡೆಯ ವರದಿಗಳ ಪ್ರತಿಯನ್ನು ಪತ್ರದ ಜೊತೆಗೆ ಕಳಿಸಿದ್ದು ಒಳ್ಳೆಯದಾಯಿತು. ಕಣ್ಣನ್ನು ನೋಡದೆ ಯಾರಿಗೂ ‘ಮಾಡಿಸಿಕೊಳ್ಳಿ’ ಎಂದಾಗಲಿ ‘ಬೇಡ’ ಎಂದಾಗಲಿ ಕೊನೆಯ ಮಾತು ಹೇಳಲು ಬಾರದು. ಆದರೆ ಇಬ್ಬರು ವೈದ್ಯರ ಅಭಿಪ್ರಾಯ ಏಕೆ ಬೇರೆಯಾಯಿತು ಎಂಬುದಕ್ಕೆ ಆ ಕಾಗದಗಳ ಅಂಕಿಗಳಲ್ಲೇ ಬಹುಪಾಲು ಉತ್ತರವಿದೆ, ಮತ್ತು ಆ ಲೆಕ್ಕ ನೀವು ಕುಳಿತು ಮಾಡಿ ನೋಡಲಾಗದಷ್ಟು ಕಷ್ಟದ್ದಲ್ಲ.

ಕಣ್ಣಿನ ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಕಣ್ಣಿಗೆ ಬಂದ ಬೆಳಕನ್ನು ಬಾಗಿಸುವ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ (ಕನ್ನಡಕದ ನಂಬರ್ ಎನ್ನುವುದೂ ಇದೇ ಅಳತೆ) ಇದ್ದರೆ, ಅದರಲ್ಲಿ 43ರಷ್ಟನ್ನು ಇದೊಂದೇ ಮಾಡುತ್ತದೆ. ಒಳಗಿನ ಮಸೂರದ ಪಾಲು ಅದಕ್ಕಿಂತ ಕಡಿಮೆ. ಮೈನಸ್ ನಂಬರಿನವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಹಿಂದುಮುಂದಾಗಿ ತುಸು ಉದ್ದವಾಗಿರುತ್ತದೆ. ಒಂದು ಮಿಲಿಮೀಟರ್ ಉದ್ದವಾದರೆ ಹೆಚ್ಚುಕಡಿಮೆ ಮೂರು ನಂಬರ್ ಬರುತ್ತದೆ. ಹೀಗಾಗಿ ದೂರದ ಬಿಂಬ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲವನ್ನು (ರೆಟಿನಾ) ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಲೇಸರ್ ಚಿಕಿತ್ಸೆ ಈ ಉದ್ದವನ್ನು ಮುಟ್ಟುವುದಿಲ್ಲ. ಅದು ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡಿ, ಬಿಂಬವನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟೇ. ಉದ್ದವಾದ ಕಣ್ಣು ಉದ್ದವಾಗಿಯೇ ಉಳಿಯುತ್ತದೆಯಾದ್ದರಿಂದ, ನಂಬರ್ ಸೊನ್ನೆಯಾದ ಮೇಲೂ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲದ ಅಂಚನ್ನು ವರ್ಷಕ್ಕೊಮ್ಮೆ ತೋರಿಸಿಕೊಳ್ಳುವ ಕೆಲಸ ನಿಮಗೆ ತಪ್ಪುವುದಿಲ್ಲ. ಕನ್ನಡಕ ಹೋದೊಡನೆ ಕಣ್ಣಿನ ವೈದ್ಯರನ್ನೂ ಮರೆತು, ಅಕ್ಷಿಪಟಲ ಹರಿದು ಕಳಚಿಕೊಂಡ ಮೇಲೆ ಬಂದವರನ್ನು ನಾನು ನೋಡಿದ್ದೇನೆ.

ಚಪ್ಪಟೆ ಮಾಡುವುದೆಂದರೆ ಅಂಗಾಂಶವನ್ನು ತೆಗೆಯುವುದು. ಲಾಸಿಕ್‌ನಂತಹ ವಿಧಾನಗಳಲ್ಲಿ ಇದಕ್ಕೆ ಬಳಸುವುದು 193 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ, ಎಕ್ಸೈಮರ್ ಲೇಸರ್. ಅಂಗಾಂಶವನ್ನು ಸುಡದೆ, ಸುತ್ತಮುತ್ತ ಬಿಸಿ ಹರಡದೆ, ಅಣುಗಳ ಬೆಸುಗೆಯನ್ನೇ ಬಿಡಿಸಿ ಪದರ ಪದರವಾಗಿ ತೆಗೆಯುವ ಈ ಗುಣವನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಮೊದಲ ಪ್ರಯೋಗ ನಡೆದದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೃದ್ವಸ್ಥಿಯ ಮೇಲೆ. ಲೇಸರ್ ಎಂದರೆ ಕಣ್ಣನ್ನು ಸುಡುತ್ತಾರೆ ಎಂಬ ಭಯ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಇದನ್ನು ಹೇಳಬಹುದು. ಭಯಪಡಬೇಕಾದ ಸಂಗತಿ ಬೇರೆ ಇದೆ. ಹೀಗೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಕಾರ್ನಿಯಾದ ಮೇಲಿನ 50 ಮೈಕ್ರಾನ್‌ನಷ್ಟು ಚರ್ಮದಂತಹ ಹೊದಿಕೆ ಕೆಲವೇ ದಿನಗಳಲ್ಲಿ ಮರಳಿ ಬರುತ್ತದೆ, ಅದರ ಕೆಳಗಿನ ಗಟ್ಟಿ ಭಾಗ ಬರುವುದಿಲ್ಲ.

ಈಗ ನಿಮ್ಮ ಬಲಗಣ್ಣಿನ ಲೆಕ್ಕಕ್ಕೆ ಬರೋಣ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಸಾಮಾನ್ಯ ಕಾರ್ನಿಯಾದ ನಡುಭಾಗ ಸುಮಾರು 540 ಮೈಕ್ರಾನ್ ದಪ್ಪವಿರುತ್ತದೆ, ನಿಮ್ಮದು 498. ಆರೂವರೆ ಮಿಲಿಮೀಟರ್ ಅಗಲದ ವಲಯದಲ್ಲಿ ಚಿಕಿತ್ಸೆ ಮಾಡಿದರೆ ಒಂದು ನಂಬರಿಗೆ ಸುಮಾರು 14 ಮೈಕ್ರಾನ್ ಹೋಗುತ್ತದೆ. ನಿಮ್ಮ ಆರೂವರೆಗೆ ಸಿಲಿಂಡರಿನ, ಅಂದರೆ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿಲ್ಲದ್ದರಿಂದ ಬರುವ ನಂಬರಿನ, ಒಂದನ್ನು ಕೂಡಿಸಿ ಏಳೂವರೆ ಎಂದು ಹಿಡಿದರೆ 105 ಮೈಕ್ರಾನ್. ಲಾಸಿಕ್‌ನಲ್ಲಿ ಮೊದಲು 110 ಮೈಕ್ರಾನ್‌ನಷ್ಟು ತೆಳು ಪದರವನ್ನು ಒಂದು ಬದಿ ಬಿಟ್ಟು ಸುತ್ತ ಕತ್ತರಿಸಿ, ಪುಸ್ತಕದ ಹಾಳೆಯಂತೆ ಮಗುಚಿ, ಅದರ ಕೆಳಗೆ ಲೇಸರ್ ಹಾಯಿಸಿ, ಮತ್ತೆ ಹಾಳೆಯನ್ನು ಮುಚ್ಚುತ್ತಾರೆ. ಹಾಳೆ ಅಂಟಿಕೊಂಡರೂ ಮೊದಲಿನ ಬಲ ಅದಕ್ಕೆ ಎಂದೂ ಬಾರದು. ಆದ್ದರಿಂದ ಅದನ್ನು ಲೆಕ್ಕದಿಂದ ಬಿಡಬೇಕು. 498ರಲ್ಲಿ 110 ಮತ್ತು 105 ಕಳೆದರೆ ಉಳಿಯುವುದು 283. ಕನಿಷ್ಠ 250 ಉಳಿಯಲೇಬೇಕು ಎಂಬುದು ಹಳೆಯ ನಿಯಮ, 300 ಉಳಿದರೆ ನೆಮ್ಮದಿ ಎನ್ನುವವರೇ ಈಗ ಹೆಚ್ಚು. ಇನ್ನೊಂದು ಬಗೆಯಲ್ಲಿ ನೋಡಿದರೆ, ಒಟ್ಟು ದಪ್ಪದಲ್ಲಿ ನೂರಕ್ಕೆ 43ರಷ್ಟನ್ನು ಕದಡಿದಂತಾಯಿತು. 40 ದಾಟಿದರೆ ಮುಂದೆ ಕಾರ್ನಿಯಾ ಉಬ್ಬುವ ಅಪಾಯ ಹೆಚ್ಚುತ್ತದೆ. ಶಿವಮೊಗ್ಗದ ವೈದ್ಯರು ‘ಲಾಸಿಕ್ ಬೇಡ’ ಎಂದದ್ದು ಈ ಲೆಕ್ಕದಿಂದ. ಗಮನಿಸಿ, ಅವರು ಬೇಡ ಎಂದದ್ದು ಲಾಸಿಕ್ ಮಾತ್ರ.

ಬೆಂಗಳೂರಿನಲ್ಲಿ ಹೇಳಿದ ಸ್ಮೈಲ್ ವಿಧಾನದಲ್ಲಿ ಹಾಳೆ ಎತ್ತುವುದಿಲ್ಲ. ಅತಿ ಕಿರಿದಾದ ಮಿಡಿತಗಳ ಫೆಮ್ಟೋಸೆಕೆಂಡ್ ಎಂಬ ಬೇರೊಂದು ಲೇಸರಿನಿಂದ ಕಾರ್ನಿಯಾದ ಒಳಗೇ ಮಸೂರದಾಕಾರದ ಒಂದು ಬಿಲ್ಲೆಯನ್ನು ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ ಹೊರಗೆಳೆಯುತ್ತಾರೆ. ಕಾರ್ನಿಯಾದ ನರಗಳು ಕಡಿಮೆ ಕತ್ತರಿಸಲ್ಪಡುವುದರಿಂದ ಕಣ್ಣು ಒಣಗುವುದು ಕಡಿಮೆ, ಮಗುಚಿದ ಹಾಳೆ ಸರಿಯುವ ಭಯವಿಲ್ಲ. ವಿಧಾನ ಒಳ್ಳೆಯದೇ. ಆದರೆ ತೆಳು ಕಾರ್ನಿಯಾದವರಿಗೆ ಇದು ಹೇಳಿ ಮಾಡಿಸಿದ್ದು ಎಂಬ ನಂಬಿಕೆ ಹೇಗೆ ಹರಡಿತೋ! ಒಳಗಿಂದ ತೆಗೆಯುವ ಬಿಲ್ಲೆ ಕೈಗೆ ಸಿಗುವಷ್ಟು ದಪ್ಪವಿರಬೇಕಾದ್ದರಿಂದ, ಅಗತ್ಯದ 105ಕ್ಕೆ ಇನ್ನೊಂದು ಹದಿನೈದು ಸೇರಿ 120 ಆಗುತ್ತದೆ, ಬಿಲ್ಲೆಯ ಮೇಲೆ ಬಿಡುವ ಭಾಗ ಮತ್ತೆ 120. ಕೆಳಗೆ ಉಳಿಯುವುದು 258, ಅಂದರೆ ಲಾಸಿಕ್‌ಗಿಂತಲೂ ಕಡಿಮೆ. ಆ ಮೇಲಿನ ಭಾಗದ ನಾರುಗಳು ಕತ್ತರಿಸದೆ ಉಳಿಯುವುದರಿಂದ ಅದಕ್ಕೂ ಬಲವಿದೆ ಎಂಬುದು ಈ ವಿಧಾನದವರ ವಾದ, ಮತ್ತು ಅದರಲ್ಲಿ ಸತ್ಯಾಂಶವಿದೆ. ಕಾರ್ನಿಯಾದ ಮುಂಭಾಗದ ನಾರುಗಳೇ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಆ ವಾದದ ಭರವಸೆಯ ಮೇಲೆ ನಿಮ್ಮ ಬಲಗಣ್ಣನ್ನು ಇಡಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

511 ಎಂಬ ಅಂಕಿಯ ಬಗ್ಗೆಯೂ ಒಂದು ಮಾತು. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಗಾಳಿಯಿಂದಲೇ ಆಮ್ಲಜನಕ ಪಡೆಯಬೇಕು. ಲೆನ್ಸ್ ಹಾಕಿಕೊಂಡು ಕಣ್ಣು ಮುಚ್ಚಿ ಇಡೀ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿದರೆ ಅದು ಉಸಿರುಕಟ್ಟಿ ನೀರು ತುಂಬಿಕೊಂಡು ಊದುತ್ತದೆ. 13 ಮೈಕ್ರಾನ್ ಹೆಚ್ಚಾದದ್ದರಲ್ಲಿ ಯಂತ್ರಗಳ ನಡುವಿನ ವ್ಯತ್ಯಾಸ ಸ್ವಲ್ಪವಿರಬಹುದು, ಊತದ ಪಾಲು ಹೆಚ್ಚಿರಬಹುದು. ಲೆನ್ಸು ಕಾರ್ನಿಯಾದ ಆಕಾರವನ್ನೂ ತಾತ್ಕಾಲಿಕವಾಗಿ ಒತ್ತಿ ಬದಲಿಸುವುದರಿಂದ ಆ ದಿನದ ಯಾವ ಅಳತೆಯನ್ನೂ ನೆಚ್ಚುವಂತಿಲ್ಲ. ಮೃದು ಲೆನ್ಸಾದರೆ ಎರಡು ವಾರ, ಗಟ್ಟಿ ಲೆನ್ಸಾದರೆ ಕನಿಷ್ಠ ಮೂರು ನಾಲ್ಕು ವಾರ ಬಿಟ್ಟೇ ಪರೀಕ್ಷೆಗೆ ಕೂರಬೇಕು. ಕೇಳದಿದ್ದರೂ ಹೇಳುತ್ತೇನೆ: ಲೆನ್ಸ್ ಹಾಕಿಕೊಂಡು ಮಲಗುವುದನ್ನು ಇಂದಿಗೇ ನಿಲ್ಲಿಸಿ. ಲೇಸರಿನಿಂದ ಆಗುವ ಸೋಂಕಿಗಿಂತ ಹೀಗೆ ಮಲಗಿದವರಲ್ಲಿ ಆಗುವ ಕಾರ್ನಿಯಾದ ಹುಣ್ಣನ್ನೇ ನಾನು ಹೆಚ್ಚು ನೋಡಿದ್ದೇನೆ.

ಇಷ್ಟಾದರೂ ದಪ್ಪ ನನ್ನ ಮುಖ್ಯ ಚಿಂತೆಯಲ್ಲ. ಶಿವಮೊಗ್ಗದ ವರದಿಯ ಎರಡನೆಯ ಪುಟದಲ್ಲಿ ಬಣ್ಣಬಣ್ಣದ ನಕ್ಷೆ ಇದೆಯಲ್ಲ, ಅದನ್ನು ತೆಗೆದು ನೋಡಿ. ಕಾರ್ನಿಯಾದ ಯಾವ ಭಾಗ ಎಷ್ಟು ಬಾಗಿದೆ ಎಂಬುದನ್ನು ಅದು ತೋರಿಸುತ್ತದೆ. ನಿಮ್ಮ ಬಲಗಣ್ಣಿನಲ್ಲಿ ಕೆಳಭಾಗವು ಮೇಲ್ಭಾಗಕ್ಕಿಂತ 1.2 ಡಯಾಪ್ಟರ್ ಹೆಚ್ಚು ಬಾಗಿದೆ. ಈ ವ್ಯತ್ಯಾಸ 1.4 ದಾಟಿದರೆ ಕೆರಟೋಕೋನಸ್ ಎಂಬ ಕಾಯಿಲೆಯ ಅನುಮಾನ ಪಡಬೇಕು. ನಿಮ್ಮದು ಆ ಗೆರೆಯನ್ನು ದಾಟಿಲ್ಲ, ಬಹಳ ದೂರವೂ ಇಲ್ಲ. ಬೆಂಗಳೂರಿನಿಂದ ಬಂದ ಪ್ರತಿಯಲ್ಲಿ ಈ ನಕ್ಷೆಯೇ ಇಲ್ಲ. ಇದ್ದಿದ್ದರೂ ಲೆನ್ಸಿನ ಕಾರಣದಿಂದ ಅದಕ್ಕೆ ಬೆಲೆ ಕೊಡುವಂತಿರಲಿಲ್ಲ.

ಕೆರಟೋಕೋನಸ್‌ನಲ್ಲಿ ಕಾರ್ನಿಯಾ ಒಂದು ಕಡೆ ದುರ್ಬಲವಾಗಿ, ಒಳಗಿನ ಒತ್ತಡ ತಡೆಯಲಾರದೆ ಗೋಪುರದಂತೆ ಮುಂದಕ್ಕೆ ಉಬ್ಬುತ್ತದೆ. ಕೆರೆಯ ಏರಿಯನ್ನು ನೆನೆಯಿರಿ. ಉದ್ದಕ್ಕೂ ಒಂದೇ ಹದದಲ್ಲಿ ತೆಳುವಾಗಿರುವ ಏರಿ ಎಷ್ಟೋ ಮಳೆಗಾಲ ನಿಲ್ಲುತ್ತದೆ. ದಪ್ಪವಾಗಿದ್ದೂ ಒಂದು ಕಡೆ ಇಲಿ ಬಿಲ ತೋಡಿದ ಏರಿ ಆ ಜಾಗದಲ್ಲೇ ಒಡೆಯುತ್ತದೆ. ಹೀಗೆ ಒಂದು ಕಡೆ ಸಡಿಲವಾದ ಕಾರ್ನಿಯಾವನ್ನು ಯಾವ ವಿಧಾನದ ಲೇಸರಿನಿಂದ ತೆಳುಗೊಳಿಸಿದರೂ ಅದು ಚಿಕಿತ್ಸೆಯ ನಂತರ ಒಂದೆರಡು ವರ್ಷದಲ್ಲೋ ಇನ್ನೂ ತಡವಾಗಿಯೋ ಉಬ್ಬತೊಡಗುತ್ತದೆ, ಆಗ ಬರುವ ಮಂಕು ದೃಷ್ಟಿ ಸಾಧಾರಣ ಕನ್ನಡಕಕ್ಕೆ ಬಗ್ಗುವುದಿಲ್ಲ. ಲೇಸರ್ ಚಿಕಿತ್ಸೆಯಲ್ಲಿ ನಮ್ಮನ್ನು ನಿಜವಾಗಿ ಹೆದರಿಸುವುದು ಇದೊಂದೇ, ಮತ್ತು ಇದನ್ನು ತಪ್ಪಿಸುವ ದಾರಿ ಇರುವುದು ಮೊದಲ ಪರೀಕ್ಷೆಯಲ್ಲಿ ಮಾತ್ರ.

ಅಡಿಕೆ ಸುಲಿಯುವ ಕಾಲದ ತುರಿಕೆಯನ್ನು ನೀವು ಪತ್ರದಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದು ನಿಮ್ಮ ನಂಬರಿಗಿಂತ ಮುಖ್ಯವಾಗಿ ಕಂಡಿತು. ಕಣ್ಣನ್ನು ಮತ್ತೆ ಮತ್ತೆ ಬೆರಳ ಗೆಣ್ಣಿನಿಂದ ಉಜ್ಜುವುದು ಕೆರಟೋಕೋನಸ್‌ಗೆ ದಾರಿಯಾಗುತ್ತದೆ, ಇರುವುದನ್ನು ಹೆಚ್ಚಿಸುತ್ತದೆ. ಅಡಿಕೆಯ ಸಿಪ್ಪೆಯ ದೂಳು, ಬಚ್ಚಲೊಲೆಯ ಹೊಗೆ, ಮಳೆಗಾಲದ ಬೂಷ್ಟು, ಇವೆಲ್ಲ ಸೇರಿ ಮಲೆನಾಡಿನ ಮನೆಗಳಲ್ಲಿ ಕಣ್ಣಿನ ಅಲರ್ಜಿ ತೀರ ಸಾಮಾನ್ಯ, ಎಷ್ಟು ಸಾಮಾನ್ಯವೆಂದರೆ ಯಾರೂ ಅದನ್ನು ಕಾಯಿಲೆಯೆಂದು ಹೇಳಿಕೊಳ್ಳುವುದೇ ಇಲ್ಲ. ಮೊದಲು ಇದಕ್ಕೆ ಮದ್ದು ಮಾಡಿಸಿಕೊಳ್ಳಿ. ವೈದ್ಯರು ಬರೆದುಕೊಡುವ ಅಲರ್ಜಿಯ ಹನಿಗಳಿವೆ. ತುರಿಸಿದಾಗ ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ. ಔಷಧದಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಹನಿ ತಂದು ಹಾಕಿಕೊಳ್ಳಬೇಡಿ. ನಂದಿಬಟ್ಟಲ ಹೂವಿನ ನೀರು, ಜೇನುತುಪ್ಪ, ಹರಳೆಣ್ಣೆ, ಇವೂ ಬೇಡ. ನಮ್ಮ ಅಜ್ಜಿಯೂ ಹಾಕುತ್ತಿದ್ದಳು, ಆದರೂ ಬೇಡ.

ಹೀಗಾಗಿ ‘ಮುಂದಿನ ವಾರವೇ’ ಎಂಬ ಮಾತನ್ನು ಈಗ ಬದಿಗಿಡಿ. ಎರಡು ವಾರ ಲೆನ್ಸ್ ಬಿಟ್ಟು, ಕಾರ್ನಿಯಾದ ಮುಂಭಾಗ ಹಿಂಭಾಗ ಎರಡನ್ನೂ ಅಳೆಯುವ ಪೆಂಟಕ್ಯಾಮ್‌ನಂತಹ ಯಂತ್ರದಲ್ಲಿ ಮತ್ತೊಮ್ಮೆ ನಕ್ಷೆ ತೆಗೆಸಿ. ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಹಿಂಭಾಗದಲ್ಲೇ ಸಿಗುತ್ತದೆ. ಆರು ತಿಂಗಳು ಬಿಟ್ಟು ಅದೇ ಯಂತ್ರದಲ್ಲಿ ಇನ್ನೊಮ್ಮೆ ತೆಗೆಸಿ ಎರಡನ್ನೂ ಹೋಲಿಸಬೇಕು. ನಿಮ್ಮ ಎಡಗಣ್ಣು 503 ಮೈಕ್ರಾನ್ ಇದ್ದು, ಬರೀ ಅಂಕಿಯ ಲೆಕ್ಕದಲ್ಲಿ ಲಾಸಿಕ್‌ಗೆ ಹೊಂದುತ್ತದೆ. ಆದರೆ ಎರಡು ಕಣ್ಣೂ ಒಬ್ಬರವೇ ಆದ್ದರಿಂದ ತೀರ್ಮಾನವನ್ನು ಕೆಟ್ಟ ಕಣ್ಣಿನ ಮೇಲೆಯೇ ಮಾಡುವುದು ವಾಡಿಕೆ.

ಆರು ತಿಂಗಳ ನಂತರ ಕೆಳಭಾಗದ ಬಾಗು ಹೆಚ್ಚಿದ್ದರೆ ಲೇಸರಿನ ಮಾತನ್ನು ಬಿಡಬೇಕು. ಆಗ ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿಮಾಡುವ ಸಿ3ಆರ್ ಎಂಬ ಚಿಕಿತ್ಸೆ ಬೇಕಾಗಬಹುದು. ಅದು ಕನ್ನಡಕ ತೆಗೆಸುವುದಕ್ಕಲ್ಲ, ಕಾಯಿಲೆಯನ್ನು ಇದ್ದಲ್ಲಿ ನಿಲ್ಲಿಸುವುದಕ್ಕೆ. ನಕ್ಷೆ ಅಲುಗಾಡದೆ ಇದ್ದಲ್ಲಿಯೇ ಇದ್ದರೆ ನಿಮಗೆ ಎರಡು ದಾರಿಗಳಿವೆ.

ಒಂದು ಪಿಆರ್‌ಕೆ. ಇದು ಲಾಸಿಕ್‌ಗಿಂತ ಹಳೆಯದು. ಇದರಲ್ಲಿ ಹಾಳೆಯೂ ಇಲ್ಲ, ಬಿಲ್ಲೆಯೂ ಇಲ್ಲ. ಮತ್ತೆ ಬೆಳೆಯುವ ಮೇಲ್ಹೊದಿಕೆಯನ್ನು ಸರಿಸಿ ನೇರವಾಗಿ ಮೇಲಿನಿಂದಲೇ ಲೇಸರ್ ಹಾಯಿಸುತ್ತಾರೆ. ಹೊದಿಕೆಯ 50, ಲೇಸರಿನ 105 ಕಳೆದರೂ ನಿಮ್ಮ ಬಲಗಣ್ಣಿನಲ್ಲಿ 343 ಉಳಿಯುತ್ತದೆ. ಕಷ್ಟವೇನೆಂದರೆ ಮೊದಲ ಮೂರು ದಿನ ನೋವು, ಉರಿ, ಬೆಳಕಿಗೆ ಕಣ್ಣು ತೆರೆಯಲಾಗದ ಸ್ಥಿತಿ. ದೃಷ್ಟಿ ಪೂರ್ತಿ ತಿಳಿಯಾಗಲು ವಾರಗಳು, ಕೆಲವರಿಗೆ ಒಂದೆರಡು ತಿಂಗಳು. ಲಾಸಿಕ್ ಆದವರು ಮರುದಿನವೇ ಗಡಿಯಾರ ನೋಡಿ ಹೇಳುವುದನ್ನು ಕೇಳಿದವರಿಗೆ ಇದು ಬೇಸರ ತರಿಸುತ್ತದೆ. ಹೆಚ್ಚು ನಂಬರಿನವರಲ್ಲಿ ಗಾಯ ಮಾಯುವಾಗ ಮಂಜಿನಂತಹ ಕಲೆ ಉಳಿಯಬಹುದು. ಅದನ್ನು ತಡೆಯಲು ಚಿಕಿತ್ಸೆಯ ಹೊತ್ತಿನಲ್ಲೇ ಮೈಟೊಮೈಸಿನ್ ಎಂಬ ಔಷಧಿಯನ್ನು ಕೆಲವು ಸೆಕೆಂಡು ಇಡುತ್ತಾರೆ, ಮತ್ತು ಕೆಲವು ತಿಂಗಳು ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಬೇಕಾಗುತ್ತದೆ.

ಇನ್ನೊಂದು ಐಸಿಎಲ್. ಕಾರ್ನಿಯಾವನ್ನು ತೆಳುಗೊಳಿಸದೆ, ಕಣ್ಣಿನೊಳಗೆ ನಿಮ್ಮದೇ ಮಸೂರದ ಮುಂದೆ ಒಂದು ತೆಳು ಕೃತಕ ಮಸೂರವನ್ನು ಇಡುವುದು. ಬೇಡವೆನಿಸಿದರೆ ತೆಗೆಯಬಹುದು ಎಂಬುದು ಇದರ ದೊಡ್ಡ ಗುಣ. ಆದರೆ ಇದು ಕಣ್ಣಿನ ಒಳಗೆ ಮಾಡುವ ಶಸ್ತ್ರಚಿಕಿತ್ಸೆ. ಒಳಗೆ ಸಾಕಷ್ಟು ಆಳವಿರಬೇಕು, ಕಾರ್ನಿಯಾದ ಹಿಂಬದಿಯ ಜೀವಕೋಶಗಳ ಎಣಿಕೆ ಸರಿಯಿರಬೇಕು, ಬೇಗ ಪೊರೆ ಬರುವ ಮತ್ತು ಒತ್ತಡ ಏರುವ ಸಾಧ್ಯತೆಯ ಮೇಲೆ ಪ್ರತಿವರ್ಷ ಕಣ್ಣಿಟ್ಟಿರಬೇಕು, ಖರ್ಚೂ ಹೆಚ್ಚು. ನಕ್ಷೆಯ ಬಗ್ಗೆ ಎಳ್ಳಷ್ಟು ಅನುಮಾನ ಉಳಿದರೂ ನಾನು ಪಿಆರ್‌ಕೆಗಿಂತ ಇದನ್ನೇ ಆರಿಸುವೆ, ಅನುಮಾನ ಉಳಿಯದಿದ್ದರೆ ಪಿಆರ್‌ಕೆ.

ಲೇಸರ್ ವಲಯವನ್ನು ಆರು ಮಿಲಿಮೀಟರಿಗೆ ಇಳಿಸಿದರೆ ಒಂದು ನಂಬರಿಗೆ 12 ಮೈಕ್ರಾನ್ ಸಾಕು, ಹದಿನೈದು ಮೈಕ್ರಾನ್ ಉಳಿತಾಯವಾಗುತ್ತದೆ ಎಂದು ಯಾರಾದರೂ ಹೇಳಬಹುದು. ಲೆಕ್ಕ ಸರಿ. ಆದರೆ ಕತ್ತಲಲ್ಲಿ ಪಾಪೆ ಆ ವಲಯಕ್ಕಿಂತ ಅಗಲವಾಗಿ ಹಿಗ್ಗಿದರೆ, ಚಿಕಿತ್ಸೆಯಾದ ಮತ್ತು ಆಗದ ಭಾಗಗಳೆರಡರಿಂದಲೂ ಬೆಳಕು ಒಳಬಂದು ದೀಪಗಳ ಸುತ್ತ ಪ್ರಭಾವಳಿ ಮೂಡುತ್ತದೆ. ಹುಲಿಕಲ್ ಘಾಟಿಯಲ್ಲಿ ಮಂಜು ಕವಿದ ರಾತ್ರಿ ಎದುರಿನ ಲಾರಿಯ ದೀಪ ಒಳ್ಳೆಯ ಕಣ್ಣಿಗೇ ಹೂವಿನಂತೆ ಅರಳುತ್ತದೆ. ಅದರ ಮೇಲೆ ಇದೂ ಸೇರುವುದು ಬೇಡ. ಚಿಕಿತ್ಸೆಯ ನಂತರ ಮೊದಲ ಕೆಲವು ತಿಂಗಳು ಬಹುತೇಕರಿಗೆ ತುಸು ಪ್ರಭಾವಳಿ, ತುಸು ಕಣ್ಣೊಣಗುವಿಕೆ ಇದ್ದೇ ಇರುತ್ತದೆ, ಹೆಚ್ಚಿನವರಿಗೆ ನಿಧಾನವಾಗಿ ಇಳಿಯುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಅರ್ಧ, ಮುಕ್ಕಾಲು ನಂಬರ್ ಮರಳುವುದೂ ಉಂಟು.

ಯಾವಾಗ ಮಾಡಿಸಬೇಕು ಎಂಬುದನ್ನು ಮದುವೆಯ ಮುಹೂರ್ತ ನೋಡಿ ನಿರ್ಧರಿಸಬೇಡಿ. ಬಸುರಿಯಾಗಿರುವಾಗ ಮತ್ತು ಹಾಲೂಡಿಸುವಾಗ ಹಾರ್ಮೋನುಗಳಿಂದ ನಂಬರ್ ಏರುಪೇರಾಗುವುದರಿಂದ ಆಗ ಚಿಕಿತ್ಸೆ ಮಾಡುವುದಿಲ್ಲ; ಹಾಲು ಬಿಡಿಸಿ ಕೆಲವು ತಿಂಗಳಾದ ಮೇಲೆ ಮಾಡುತ್ತಾರೆ. ಮದುವೆಗೆ ಮೊದಲೇ ಆಗದಿದ್ದರೆ ಏನೂ ಕೆಟ್ಟುಹೋಗುವುದಿಲ್ಲ. ಲೇಸರ್ ಮಾಡಿಸಿಕೊಂಡ ತಾಯಿಯ ಮಕ್ಕಳಿಗೂ ಮೈನಸ್ ನಂಬರ್ ಬರುವ ಸಾಧ್ಯತೆ ಎಂದಿನಷ್ಟೇ ಇರುತ್ತದೆ, ಏಕೆಂದರೆ ಬದಲಾದದ್ದು ಕಾರ್ನಿಯಾ, ವಂಶವಾಹಿ ಅಲ್ಲ.

ನಿಮ್ಮ ಕೆಲಸ, ನಿಮ್ಮ ಊರು ಎರಡನ್ನೂ ನೋಡಿದರೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿದ ಮೇಲಿನ ಬೇಸಿಗೆ ರಜೆ ಸೂಕ್ತ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಇನ್ನೂ ಶುರುವಾಗಿರುವುದಿಲ್ಲ. ಮೈಲುತುತ್ತು ಮತ್ತು ಸುಣ್ಣ ಸೇರಿದ ಆ ದ್ರಾವಣದ ಒಂದು ಹನಿ ಹೊಸದಾಗಿ ಮಾಯುತ್ತಿರುವ ಕಣ್ಣಿಗೆ ಬಿದ್ದರೆ ಆಗುವ ಹಾನಿ ದೊಡ್ಡದು. ಭತ್ತದ ಗರಿ, ಅಡಿಕೆ ಸೋಗೆ ತಾಗಿ ಆಗುವ ಗೀರಿನಿಂದ ನಮ್ಮ ಕಡೆ ಶಿಲೀಂಧ್ರದ ಹುಣ್ಣು ಬರುತ್ತದೆ. ಚಿಕಿತ್ಸೆಯ ನಂತರ ಹಾಕುವ ಸ್ಟಿರಾಯ್ಡ್ ಹನಿ ಇರುವಾಗ ಅಂಥ ಹುಣ್ಣು ಇನ್ನೂ ಬೇಗ ಹರಡುತ್ತದೆ. ಆದ್ದರಿಂದ ಮೊದಲ ಒಂದು ತಿಂಗಳು ಗದ್ದೆ, ತೋಟ, ಹೊಳೆಯ ಸ್ನಾನ ಬೇಡ. ತಲೆಗೆ ಸೀಗೆಪುಡಿ ಹಾಕುವುದನ್ನು ವೈದ್ಯರು ಹೇಳುವವರೆಗೆ ಬಿಡಿ, ಬಚ್ಚಲೊಲೆಗೆ ಬೆಂಕಿ ಮಾಡುವ ಕೆಲಸವನ್ನು ಬೇರೆಯವರಿಗೆ ಕೊಡಿ. ನೋವು, ಕೆಂಪು ಅಥವಾ ಮಂಕು ಇಳಿಯುವ ಬದಲು ಏರುತ್ತಿದ್ದರೆ ಮರುಪರೀಕ್ಷೆಯ ದಿನಕ್ಕೆ ಕಾಯದೆ ಅಂದೇ ಹೋಗಬೇಕು. ಬೆಂಗಳೂರಿನಲ್ಲಿ ಮಾಡಿಸಿಕೊಳ್ಳುವುದಾದರೂ ಮೊದಲ ವಾರದಲ್ಲಿ ಹೀಗೇನಾದರೂ ಆದರೆ ಶಿವಮೊಗ್ಗದಲ್ಲಿ ಯಾರು ನೋಡುತ್ತಾರೆ ಎಂಬುದನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ.

ನಿಮ್ಮ ತಾಯಿಯವರ ವಿಷಯ ಬೇರೆ. ನಲವತ್ತರ ಮೇಲೆ ಒಳಗಿನ ಮಸೂರ ಪೆಡಸಾಗಿ, ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ನಲವತ್ತಕ್ಕೆ ಬರುವುದೆಂದೇ ಹಳಬರು ಕನ್ನಡಕಕ್ಕೆ ಚಾಳೀಸು ಎಂದದ್ದು. ತೊಂದರೆ ಇರುವುದು ಮಸೂರದಲ್ಲಿ, ಲೇಸರ್ ಮಾಡುವುದು ಕಾರ್ನಿಯಾಕ್ಕೆ. ಒಂದು ಕಣ್ಣನ್ನು ಹತ್ತಿರಕ್ಕೆ, ಇನ್ನೊಂದನ್ನು ದೂರಕ್ಕೆ ಹೊಂದಿಸುವ ಉಪಾಯವಿದೆಯಾದರೂ, ದೂರ ಚೆನ್ನಾಗಿ ಕಾಣುವ 52ರ ಹೆಂಗಸಿಗೆ ನಾನು ಅದನ್ನು ಹೇಳಲಾರೆ. ಅವರು ಓದುವ ಕನ್ನಡಕದಲ್ಲೇ ಇರಲಿ; ಪೊರೆ ಮತ್ತು ಕಣ್ಣಿನ ಒತ್ತಡವನ್ನು ಒಮ್ಮೆ ತೋರಿಸಿಕೊಳ್ಳಲಿ. ನಿಮಗೂ ಆ ವಯಸ್ಸು ಬರುತ್ತದೆ. ಈಗ ಲೇಸರ್ ಮಾಡಿಸಿಕೊಂಡರೆ ನಲವತ್ತೈದರ ಹೊತ್ತಿಗೆ ಉತ್ತರಪತ್ರಿಕೆ ತಿದ್ದಲು ನಿಮಗೆ ಕನ್ನಡಕ ಬೇಕು.

ಕೊನೆಯದಾಗಿ ಕಾಗದಗಳ ವಿಷಯ. ಮುಂದೆ ನಿಮಗೆ ಪೊರೆಯ ಶಸ್ತ್ರಚಿಕಿತ್ಸೆಯಾಗುವಾಗ ಒಳಗೆ ಇಡುವ ಮಸೂರದ ನಂಬರನ್ನು ಕಾರ್ನಿಯಾದ ಬಾಗಿನಿಂದ ಲೆಕ್ಕ ಹಾಕುತ್ತಾರೆ, ಲೇಸರ್ ಆದ ಕಣ್ಣಿನಲ್ಲಿ ಆ ಲೆಕ್ಕ ತಪ್ಪುತ್ತದೆ; ತೆಳುವಾದ ಕಾರ್ನಿಯಾದ ಮೇಲೆ ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಿ, ಒತ್ತಡದಿಂದ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆ ವೈದ್ಯರ ಕಣ್ಣು ತಪ್ಪಿಸಬಹುದು. ಚಿಕಿತ್ಸೆಗೆ ಮೊದಲಿನ ನಂಬರ್, ದಪ್ಪ, ನಕ್ಷೆ, ಎಷ್ಟು ಮೈಕ್ರಾನ್ ತೆಗೆದರು ಎಂಬ ವಿವರ, ಇವಿಷ್ಟು ಕೈಯಲ್ಲಿದ್ದರೆ ಮೂವತ್ತು ವರ್ಷದ ನಂತರ ನಿಮ್ಮ ಕಣ್ಣು ನೋಡುವ ವೈದ್ಯರಿಗೆ ದೊಡ್ಡ ನೆರವು. ಕೇಳಿ ಪಡೆದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ಮೂಲ ಪ್ರತಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಹೊಸನಗರದ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.